ಫೋಟೋ ಕಲಸಿದ ಮಾತ್ರಕ್ಕೆ ಬೀಗ ಬೀಳಲ್ಲ

ಫೋಟೋವನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿ ಇಲ್ಲದವರಿಗೆ ಕಾಣದಂತೆ ಬೀಗ ಹಾಕುವ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ. ಬಟನ್ ಒತ್ತುತ್ತಾರೆ, ಪರದೆ ತುಂಬ ಚುಕ್ಕಿ. ‘ಸರ್, ಎನ್‌ಕ್ರಿಪ್ಟ್ ಆಯ್ತು!’ ಆಗಿರುವುದಿಲ್ಲ. ಪಿಕ್ಸೆಲ್‌ಗಳು ಜಾಗ ಬದಲಿಸಿವೆ, ಅಷ್ಟೇ. ಬೀಗ ಬೀಳಬೇಕಾದರೆ ಹೀಗೆ ಮಾಡಿ.

ಹಂತ 1: ಫೋಟೋವನ್ನು 256×256 ಅಳತೆಯ ಕಪ್ಪು-ಬಿಳುಪು ಪಿಎನ್‌ಜಿ ಮಾಡಿಕೊಳ್ಳಿ. ಜೆಪಿಇಜಿ ಬೇಡವೇ ಬೇಡ. ಸೇವ್ ಮಾಡುವಾಗಲೇ ಅದು ಪಿಕ್ಸೆಲ್ ಬೆಲೆ (0ರಿಂದ 255ರೊಳಗಿನ ಸಂಖ್ಯೆ) ತಿದ್ದುತ್ತದೆ, ಬೀಗ ತೆಗೆದರೆ ಕಸ ಸಿಗುತ್ತದೆ.

ಹಂತ 2: ಅರ್ನಾಲ್ಡ್ ಕ್ಯಾಟ್ ಮ್ಯಾಪ್‌ನಿಂದ, ಅಂದರೆ ಪಿಕ್ಸೆಲ್‌ಗಳ ಜಾಗ ಬದಲಿಸುವ ಸೂತ್ರದಿಂದ, ಕಲಸಿ. ಇಲ್ಲಿಗೇ ನಿಲ್ಲಿಸಿದರೆ ಕೆಟ್ಟಿರಿ. ಈ ಅಳತೆಯ ಚಿತ್ರ 192 ಸುತ್ತಿಗೆ ತಾನಾಗಿಯೇ ಮೊದಲಿನಂತಾಗುತ್ತದೆ. (0,0) ಮೂಲೆಯ ಪಿಕ್ಸೆಲ್ ಅಂತೂ ಕದಲುವುದೇ ಇಲ್ಲ.

ಹಂತ 3: ಕೀಲಿಯ ಸಂಖ್ಯೆಗಳು. ಎಲ್ಲರೂ ಎಡವುವುದು ಇಲ್ಲೇ. ಒಂದು ಸಂಖ್ಯೆಯಿಂದ ಮುಂದಿನದನ್ನು ಹುಟ್ಟಿಸುವ ಲಾಜಿಸ್ಟಿಕ್ ಮ್ಯಾಪ್ ಎಂಬ ಸೂತ್ರ ಸುಲಭ: ಹೊಸ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್). ಆರ್ 3.83 ಇಟ್ಟರೆ ಮೂರೇ ಸಂಖ್ಯೆ ಗಾಣದೆತ್ತಿನಂತೆ ಸುತ್ತುತ್ತವೆ. ಆರ್ 4, ಎಕ್ಸ್ 0.5 ಎಂದು ಶುರು ಮಾಡಿದವರನ್ನೂ ಕಂಡಿದ್ದೇನೆ: 0.5, 1, 0, 0, 0... ಮುಗೀತು ಕಥೆ! ಆರ್ 3.9999 ಇಡಿ. ಎಕ್ಸ್‌ಗೆ 15 ಅಂಕಿ ಕೊಡಿ, ಅಷ್ಟನ್ನೂ ಬರೆದಿಟ್ಟುಕೊಳ್ಳಿ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಹವಾಮಾನದ ಲೆಕ್ಕಕ್ಕೆ 0.506127 ಬದಲು 0.506 ಕೊಟ್ಟದ್ದಕ್ಕೇ ಉತ್ತರ ಎಲ್ಲೋ ಹೋಯಿತು. ನಿಮ್ಮ ಫೋಟೋವೂ ಹಾಗೇ ಹೋಗುತ್ತದೆ.

ಮೊದಲ 1000 ಸಂಖ್ಯೆ ಎಸೆಯಿರಿ. ಹತ್ತಿರದ ಎರಡು ಕೀಲಿಗಳು ಶುರುವಿನಲ್ಲಿ ಜೊತೆಜೊತೆಗೇ ನಡೆಯುತ್ತವೆ. ಆಮೇಲೆ ಎಕ್ಸನ್ನು ಸುಮ್ನೆ 256ರಿಂದ ಗುಣಿಸುವ ಅಡ್ಡದಾರಿ ಬೇಡ. ಈ ಮ್ಯಾಪ್ 0 ಮತ್ತು 1ರ ಬಳಿಯೇ ಜಾಸ್ತಿ ಸುಳಿಯುತ್ತದೆ, ಕೀಲಿಯೂ ಅತ್ತಲೇ ವಾಲುತ್ತದೆ. 10ರ 14ನೇ ಘಾತದಿಂದ ಗುಣಿಸಿ, ದಶಾಂಶ ಬಿಟ್ಟು, 256ರಿಂದ ಭಾಗಿಸಿದಾಗ ಉಳಿಯುವ ಶೇಷ ತೆಗೆದುಕೊಳ್ಳಿ.

ಹಂತ 4: ಪ್ರತಿ ಪಿಕ್ಸೆಲ್‌ಗೂ ಹಿಂದಿನ ಬೀಗ ಹಾಕಿದ ಪಿಕ್ಸೆಲ್ ಕೂಡಿಸಿ, 256ರ ಶೇಷ ತೆಗೆದು, ಕೀಲಿಯ ಜೊತೆ ಎಕ್ಸ್‌ಆರ್ ಮಾಡಿ (ಎರಡರ ಬಿಟ್‌ಗಳನ್ನು ಹೋಲಿಸಿ, ಬೇರೆಯಿದ್ದರೆ 1, ಒಂದೇ ಇದ್ದರೆ 0). ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ. ತೆಗೆಯುವಾಗ ಎಲ್ಲವೂ ಉಲ್ಟಾ.

ಹಂತ 5: ಮೂಲ ಚಿತ್ರದ ಒಂದೇ ಪಿಕ್ಸೆಲ್ ತಿದ್ದಿ, ಮತ್ತೆ ಬೀಗ ಹಾಕಿ, ಎರಡನ್ನೂ ಹೋಲಿಸಿ. ನೂರಕ್ಕೆ 99.6ರ ಆಸುಪಾಸು ಪಿಕ್ಸೆಲ್ ಬೇರೆಯಾಗಿರಬೇಕು. ಇಲ್ಲದಿದ್ದರೆ 2ರಿಂದ ಇನ್ನೊಂದು ಸುತ್ತು. ಬಂದರೂ ಕುಣಿಯಬೇಡಿ. ಈ ಪರೀಕ್ಷೆ ಪಾಸಾದ ಎಷ್ಟೋ ವಿಧಾನಗಳನ್ನು ಆಮೇಲೆ ಒಡೆದಿದ್ದಾರೆ.

ಕಲಿಯೋಕೆ ಇದು ಚೆಂದ. ಆಧಾರ್ ಪ್ರತಿ ಕಳಿಸಬೇಕಾದರೆ ಮಾತ್ರ ಎಇಎಸ್ ಎಂಬ ಪ್ರಮಾಣಿತ ಎನ್‌ಕ್ರಿಪ್ಷನ್ ವಿಧಾನ ಬಳಸಿ. ನಾನೂ ಅದನ್ನೇ ಬಳಸುವುದು.