ಹನ್ನೊಂದು ಎಕರೆ ಗುಡ್ಡ, ನಡುವೆ ಒಂದು ಹಳ್ಳ: ನಾನು ಲೇಔಟ್ ಮಾಡಿದ ಕಥೆ

ತಮ್ಮ ಜಾಗದಲ್ಲಿ ಲೇಔಟ್ ಮಾಡಿಸ್ಬೇಕು ಅಂತ ಗೌಡ್ರು ಮೊದಲ ಸಲ ಚಿಕ್ಕಮಗಳೂರಿನ ನನ್ನ ಆಫೀಸಿಗೆ ಬಂದಾಗ ಕೈಯಲ್ಲಿ ಪಹಣಿನೂ ಇರ್ಲಿಲ್ಲ ಸರ್ವೆ ಸ್ಕೆಚ್ಚೂ ಇರ್ಲಿಲ್ಲ, ಮೊಬೈಲಲ್ಲಿ ಒಂದು ಫೋಟೋ ಇತ್ತು ಅಷ್ಟೇ. ಬೀಜಿಂಗಿನ ಚಾವೊಯಾಂಗ್ ಪಾರ್ಕ್ ಪಕ್ಕದಲ್ಲಿ ಮಾ ಯಾನ್‌ಸಾಂಗ್ ಅನ್ನೋ ಆರ್ಕಿಟೆಕ್ಟ್ ಡಿಸೈನ್ ಮಾಡಿದ ಎರಡು ಕಪ್ಪು ಗಾಜಿನ ಗೋಪುರಗಳು, ನೀರು ಹರಿದು ಹರಿದು ಸವೆದ ಬಂಡೆ ತರ ಮೈಮೇಲೆಲ್ಲ ಉದ್ದುದ್ದ ಗೀರು. "ನೋಡಿ ಇಂಜಿನಿಯರ್ರೇ, ಅವ್ರು ಬೆಟ್ಟ ಇಲ್ದಿರೋ ಕಡೆ ಬೆಟ್ಟ ಕಟ್ಕೊಂಡವ್ರೆ, ನಮ್ಮತ್ರ ಬೆಟ್ಟ ಅದೆ, ನೀವು ಹಿಟಾಚಿ ತಂದು ಮಟ್ಟ ಮಾಡ್ತೀರಿ" ಅಂದ್ರು. ನಗ್ತಾ ಹೇಳಿದ್ರು ನಿಜ, ಆದ್ರೆ ನನಗೆ ಸರಿಯಾಗಿ ತಾಗ್ತು.

ತಾಗೋಕೆ ಕಾರಣ ಇತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2017ರಲ್ಲಿ, ಹಾಸನ ಜಿಲ್ಲೆಯಲ್ಲಿ ಒಬ್ರಿಗೆ ಇಳಿಜಾರು ಜಾಗದಲ್ಲಿ ಲೇಔಟ್ ಮಾಡಿಕೊಟ್ಟಿದ್ದೆ. ಬಯಲುಸೀಮೆ ಲೇಔಟ್ ತರಾನೇ, ಸ್ಕೇಲ್ ಇಟ್ಟು ಗೆರೆ ಎಳೆದು, ಎಲ್ಲಾ 30/40 ಸೈಟು, ರಸ್ತೆ ನೆಟ್ಟಗೆ ಮೇಲಿಂದ ಕೆಳಕ್ಕೆ. ಪೇಪರ್ ಮೇಲೆ ಚೆಸ್ ಬೋರ್ಡ್ ತರ ಚೆನ್ನಾಗೇ ಕಾಣ್ತಿತ್ತು. 2018ರ ಆಗಸ್ಟ್ ಮಳೆ ನೆನಪಿದೆಯಲ್ಲ, ಕೊಡಗಲ್ಲಿ ಗುಡ್ಡ ಜಾರಿ ಶಿರಾಡಿ ಘಾಟ್ ಬಂದ್ ಆಗಿದ್ದು, ಆ ಮಳೆಗೆ ನನ್ನ ಚರಂಡಿ ಎಲ್ಲೆಲ್ಲಿ ಎಲ್ ಶೇಪಲ್ಲಿ ತಿರುಗ್ತಿತ್ತೋ ಅಲ್ಲೆಲ್ಲ ನೀರು ತಿರುಗ್ಲೇ ಇಲ್ಲ, ಹಾರಿ ನೆಟ್ಟಗೆ ಕೆಳಗಿನ ಸೈಟಿಗೆ ಇಳೀತು, ಕಾಂಪೌಂಡು ಮಲಗ್ತು, ಹೊಸ ಟಾರು ಚಾಪೆ ಸುತ್ತಿಟ್ಟಂಗೆ ಎದ್ದು ಬಂತು. ತಪ್ಪು ಕಾಂಟ್ರಾಕ್ಟರ್ದು ಅಂತ ಆಗ ವಾದ ಮಾಡಿದ್ದೆ. ಅಲ್ಲ, ನಂದೇ.

ಗೌಡ್ರ ಜಾಗ ಮೂಡಿಗೆರೆ ರಸ್ತೆ ಕಡೆ, 11 ಎಕರೆ. ಮಲೆನಾಡಲ್ಲಿ ನೀವು ನೋಡಿರೋ ಜಾಗಾನೇ: ಮೇಲೆ ಸ್ವಲ್ಪ ಸಿಲ್ವರ್ ಮರ, ನಡುವೆ ಹಕ್ಕಲು (ಸಾಗುವಳಿ ಇಲ್ದ ಹುಲ್ಲಿನ ಜಾಗ), ಕೆಳಗೆ ನಾಟಿ ನಿಂತುಹೋದ ಗದ್ದೆ, ಒಂದು ಅಂಚಿಂದ ಓರೆಯಾಗಿ ಇಳಿಯೋ ಹಳ್ಳ. ಮೇಲಿಂದ ಕೆಳಕ್ಕೆ 200 ಮೀಟರಿಗೆ 24 ಮೀಟರ್ ಇಳಿತ. ನೆಟ್ಟಗೆ ರಸ್ತೆ ಹಾಕಿದ್ರೆ 8ಕ್ಕೆ 1ರ ಹತ್ರ ಏರು, ಅಂದ್ರೆ 8 ಮೀಟರ್ ಚಿಲ್ಲರೆ ಹೋಗೋದ್ರಲ್ಲಿ 1 ಮೀಟರ್ ಏರ್ಬೇಕು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ಮೇಲೆ ಸ್ಕೂಟಿ ಹತ್ತಿಸೋರ ಪಾಡು ಯೋಚಿಸಿ.

ಫೋಟೋ ವಿಷಯ ಮುಗಿಸಿಬಿಡ್ತೀನಿ. ಚೀನಾದಲ್ಲಿ ಇದಕ್ಕೆ ಶಾನ್‌ಶುಯಿ ನಗರ ಅಂತಾರೆ, ಶಾನ್ ಅಂದ್ರೆ ಬೆಟ್ಟ, ಶುಯಿ ಅಂದ್ರೆ ನೀರು. ಈ ಮಾತನ್ನ ನಗರಕ್ಕೆ ಅಂಟಿಸಿದ್ದು ಆರ್ಕಿಟೆಕ್ಟ್ ಅಲ್ಲ, ಚಿಯೆನ್ ಶ್ಯುಯೆಸೆನ್ ಅನ್ನೋ ರಾಕೆಟ್ ವಿಜ್ಞಾನಿ, 1990ರಲ್ಲಿ. ಮಾ ಯಾನ್‌ಸಾಂಗ್ ಅದನ್ನ ತಗೊಂಡು ಕಟ್ಟಡಕ್ಕೇ ಬೆಟ್ಟದ ಆಕಾರ ಕೊಟ್ರು. ನೋಡೋಕೆ ಭರ್ಜರಿ, ಇಲ್ಲ ಅನ್ನಲ್ಲ. ಆದ್ರೆ ಅವ್ರು ಕಟ್ಟಿದ್ದು ಸಮತಟ್ಟಾದ ದೊಡ್ಡ ನಗರದಲ್ಲಿ. ಮುಳ್ಳಯ್ಯನಗಿರಿ ಕಣ್ಣೆದುರಿಗೇ ಇರೋ ಊರಲ್ಲಿ ಇನ್ನೊಂದು ಗಾಜಿನ ಬೆಟ್ಟ ನಿಲ್ಲಿಸಿದ್ರೆ ನಗೆಪಾಟಲು. ಗೌಡ್ರಿಗೆ ಹೇಳ್ದೆ, ಬೆಟ್ಟದ ಆಕಾರ ಬೇಡ, ಆ ಆಕಾರ ಮಾಡಿದ್ದು ನೀರು ತಾನೆ, ನಾವು ನೀರಿನ ಜೊತೆ ಮಾತಾಡೋಣ. "ಮಾತಾಡಿ, ಆದ್ರೆ ಸೈಟು ಕಮ್ಮಿ ಆಗ್ಬಾರ್ದು" ಅಂದ್ರು.

ಸರ್ವೆಯವ್ರು ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರ ಇಟ್ಟು ಅರ್ಧ ಮೀಟರ್ ಎತ್ತರಕ್ಕೊಂದು ಕಂಟೂರ್, ಅಂದ್ರೆ ಒಂದೇ ಮಟ್ಟದ ಜಾಗಗಳನ್ನ ಸೇರಿಸೋ ಗೆರೆ, ಹಾಕಿಕೊಟ್ರು. ಅದ್ರ ಮೇಲೆ ನಾನು ಹಳೇ ಕಾಲದ ಟ್ರೇಸಿಂಗ್ ಶೀಟ್ ಒಂದರ ಮೇಲೊಂದು ಇಟ್ಟೆ, ಒಂದ್ರಲ್ಲಿ ಇಳಿಜಾರು, ಒಂದ್ರಲ್ಲಿ ನೀರು, ಒಂದ್ರಲ್ಲಿ ಮರ, ಇನ್ನೊಂದ್ರಲ್ಲಿ ಮಣ್ಣು. ಇದು ನನ್ನ ಬುದ್ಧಿ ಅಲ್ಲ, ಇಯಾನ್ ಮೆಕ್‌ಹಾರ್ಗ್ ಅಂತ ಅಮೆರಿಕದಲ್ಲಿ ಪಾಠ ಮಾಡ್ತಿದ್ದ ಸ್ಕಾಟ್ಲೆಂಡಿನವ್ರು 1960ರ ದಶಕದಲ್ಲೇ ಹೀಗೆ ಮಾಡಿ ತೋರಿಸಿದ್ರು, ಕಟ್ಟಬಾರದ ಕಡೆಗೆಲ್ಲ ಬಣ್ಣ ಬಳಿದು, ಎಲ್ಲಾ ಹಾಳೆಲೂ ಬೆಳ್ಳಗೆ ಉಳಿದ ಕಡೆ ಮಾತ್ರ ಮನೆ ಕಟ್ಟಿ ಅಂತ. ಈಗ ಕಂಪ್ಯೂಟರಲ್ಲಿ ಐದು ನಿಮಿಷದ ಕೆಲಸ. ಆದ್ರೂ ಗ್ಲಾಸಿನ ಮೇಲೆ ಹಾಳೆ ಇಟ್ಟು ಕೆಳಗೆ ಬಲ್ಬು ಹಾಕಿ ನೋಡೋದ್ರಲ್ಲಿ ಜಾಗ ತಲೆಗೆ ಹತ್ತುತ್ತೆ, ನನಗಂತೂ.

ಆದ್ರೆ ನೀರಿನ ಹಾಳೆ ಮಾತ್ರ ಸರಿ ಬರ್ಲಿಲ್ಲ. ಸರ್ವೆ ನಡೆದಿದ್ದು ಮಾರ್ಚಲ್ಲಿ, ಆಗ ಎಲ್ಲಿ ನೋಡಿದ್ರೂ ಒಣ. ಗೌಡ್ರ ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋ ರೈಟ್ರು ಇದಾರೆ, ಮೂವತ್ತು ವರ್ಷದಿಂದ ಕಾಫಿ ಗಿಡಕ್ಕೆ ಲೈನ್ ಹೊಡೆಸಿದವ್ರು, ಅವ್ರು ನನ್ನ ನಕ್ಷೆ ನೋಡಿ "ಮಳೆ ಹಿಡೀಲಿ ಸಾರ್, ಆಮೇಲೆ ಬನ್ನಿ" ಅಂದ್ರು. ಜುಲೈಯಲ್ಲಿ ಹೋದೆ. ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು, ಕಾಲಿಗೆ ಇಂಬಳ ಹತ್ತಿಸ್ಕೊಂಡು, ಅವ್ರ ಹಿಂದೆ ಮೂರು ದಿನ ತಿರುಗಿದೆ. ಕಂಟೂರ್ ಮ್ಯಾಪಲ್ಲಿ ಕಾಣದೇ ಇದ್ದ ಎರಡು ಸಣ್ಣ ಜಲ, ಅಂದ್ರೆ ಒರತೆ, ಧರೆ (ಕಡಿದಾದ ಮಣ್ಣಿನ ಗೋಡೆ) ಬುಡದಿಂದ ಎದ್ದಿತ್ತು. ನಾನು ಕಾರ್ನರ್ ಸೈಟು ಅಂತ ಗುರುತು ಹಾಕಿದ್ದ ಜಾಗದಲ್ಲಿ ಮೊಣಕಾಲುದ್ದ ಜೌಗು!

ಅವತ್ತೇ ರೈಟ್ರು ಇನ್ನೊಂದು ತೋರಿಸಿದ್ರು. ಹಕ್ಕಲಲ್ಲಿ ದನ ಓಡಾಡಿ ಓಡಾಡಿ ಬಿದ್ದ ದಾರಿ. "ದನ ಎಲ್ಲಾದ್ರೂ ನೆಟ್ಟಗೆ ಗುಡ್ಡ ಹತ್ತಿದ್ದು ನೋಡಿದೀರಾ ಸಾರ್?" ಲೆವೆಲ್ ಇಟ್ಟು ಅಳೆದೆ, ಹೆಚ್ಚುಕಮ್ಮಿ 15ಕ್ಕೆ 1. ರಸ್ತೆಗಳಿಗೆ ಕೋಡ್ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗುಡ್ಡಗಾಡು ರಸ್ತೆಗೆ ಹೇಳೋದು ಸಾಮಾನ್ಯವಾಗಿ 20ಕ್ಕೆ 1, ಹೇರ್‌ಪಿನ್ ತಿರುವಲ್ಲಿ 40ಕ್ಕೆ 1 ಮೀರಬಾರ್ದು. ದನಗಳು ಕೋಡ್ ಓದಿಲ್ಲ, ಆದ್ರೂ ತೀರಾ ದೂರ ಏನಿಲ್ಲ. ನಾವು 17ಕ್ಕೆ 1 ಹಿಡಿದ್ವಿ. 24 ಮೀಟರ್ ಇಳಿಯೋಕೆ 400 ಮೀಟರಿಗೂ ಮೇಲೆ ರಸ್ತೆ ಬೇಕಾಯ್ತು, ಗುಡ್ಡದ ಮೈಗೆ ಓರೆಯಾಗಿ ಹೋಗಿ ಒಂದು ಹೇರ್‌ಪಿನ್ ತಿರುಗಿ ವಾಪಸ್ ಬರೋ ರಸ್ತೆ. ಅದಕ್ಕೆ ಅಂಟಿಕೊಂಡು ಕಂಟೂರ್ ಗುಂಟ ಅಡ್ಡ ರಸ್ತೆಗಳು. ಜೊತೆಗೆ ಮೇಲಿಂದ ಕೆಳಕ್ಕೆ ನೆಟ್ಟಗೆ ಎರಡು ಮೀಟರ್ ಅಗಲದ ಮೆಟ್ಟಿಲು ಓಣಿ, ಯಾಕಂದ್ರೆ ಗಾಡಿ ಸುತ್ತಿ ಹೋಗುತ್ತೆ, ಹಾಲು ತರೋಕೆ ಹೋಗೋ ಅಜ್ಜಿ ಸುತ್ತಲ್ಲ, ನಾವು ದಾರಿ ಕೊಡ್ಲಿಲ್ಲ ಅಂದ್ರೆ ಯಾರದ್ದೋ ಬೇಲಿ ಹಾರಿ ಹೋಗ್ತಾರೆ.

ನೀರಿನ ಲೆಕ್ಕ ಸ್ವಲ್ಪ ಹೇಳ್ತೀನಿ, ಅದೇ ಮುಖ್ಯ. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ರೆ ಒಂದು ಎಕರೆಗೆ ನಾಲ್ಕು ಲಕ್ಷ ಲೀಟರ್ ನೀರು. 11 ಎಕರೆಗೆ 44 ಲಕ್ಷ. ಹಕ್ಕಲಾಗಿದ್ದಾಗ ಹುಲ್ಲು, ಬೇರು, ತರಗೆಲೆ ಅದ್ರಲ್ಲಿ ತುಂಬಾ ಹಿಡಿದಿಟ್ಕೋತಿತ್ತು, ಸೂರು ಕಾಂಕ್ರೀಟು ಬಂದ್ಮೇಲೆ ಹಿಡಿಯೋರು ಯಾರು. ಕಾಫಿ ತೋಟದಲ್ಲಿ ಗಿಡದ ಸಾಲುಗಳ ನಡುವೆ ಕಂಟೂರ್ ಗುಂಟ ತೊಟ್ಟಿಲು ಗುಂಡಿ ತೆಗೀತಾರಲ್ಲ, ನೀರನ್ನ ಅಲ್ಲಲ್ಲೇ ಕೂರಿಸೋಕೆ, ಅದನ್ನೇ ರಸ್ತೆ ಬದಿಗೆ ತಂದ್ವಿ. ಚರಂಡಿ ಗುಡ್ಡದ ಕಡೆಗೆ ಮಾತ್ರ, ಇಪ್ಪತ್ತು ಮೀಟರಿಗೊಂದು ಗುಂಡಿ, ಮಣ್ಣು ಅದ್ರಲ್ಲಿ ಕೂತು ನೀರು ಮುಂದೆ ಹೋಗೋ ಹಾಗೆ. ನೆಲ ಎಲ್ಲೆಲ್ಲಿ ಸ್ವಲ್ಪ ತಗ್ಗೋ ಅಲ್ಲೆಲ್ಲ ರಸ್ತೆ ಅಡಿಯಿಂದ ನೀರು ದಾಟಿಸೋ ಮೋರಿ, ಒಟ್ಟು ಏಳು. ಮೋರಿಯಿಂದ ಕೆಳಕ್ಕೆ ಕಲ್ಲು ಹಾಸಿದ ಮೆಟ್ಟಿಲು ಚರಂಡಿ, ನೀರಿನ ರಭಸ ಮುರಿಯೋಕೆ. ಎಲ್ಲೂ ಎಲ್ ಶೇಪ್ ಇಲ್ಲ, ಅದು ನನ್ನ ಶಪಥ.

ಪಾರ್ಕನ್ನ ಉಳಿದ ಮೂಲೆಗೆ ತಳ್ಳೋದು ನಮ್ಮಲ್ಲಿ ರೂಢಿ. ನಾವು ಕೆಳಗಿನ ಗದ್ದೆನೇ ಪಾರ್ಕ್ ಮಾಡಿದ್ವಿ, ಹಳೇ ಬದುಗಳನ್ನ ಹಾಗೇ ಬಿಟ್ಟು, ಜೌಗಿನ ಕಡೆ ನೀರು ನಿಲ್ಲೋಕೆ ಒಂದು ಸಣ್ಣ ಕಟ್ಟೆ. ಇಲ್ಲಿ ಒಂದು ತೊಡಕು ಬಂತು. ಹಳ್ಳ ಸರ್ವೆ ದಾಖಲೆಯಲ್ಲಿ ಬಿ ಖರಾಬು, ಅಂದ್ರೆ ಸರ್ಕಾರದ್ದು, ಅದನ್ನ ಪಾರ್ಕ್ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಗೌಡ್ರು "ಹಳ್ಳಾನೂ ಬಿಡ್ಬೇಕು ಪಾರ್ಕೂ ಬಿಡ್ಬೇಕು ಅಂದ್ರೆ ನಾನೇನು ದಾನಕ್ಕೆ ಕೂತಿದೀನಾ" ಅಂತ ರೇಗಿದ್ರು. ಎರಡನ್ನೂ ಪಕ್ಕಪಕ್ಕ ಇಟ್ರೆ ಕಣ್ಣಿಗೆ ದೊಡ್ಡ ಪಾರ್ಕ್ ಕಾಣುತ್ತೆ, ಎದುರಿನ ಸೈಟಿಗೆ ರೇಟು ಬರುತ್ತೆ ಅಂತ ಒಪ್ಪಿಸಿದೆ. ಪರಿಸರ ಅಂತ ಹೇಳಿದ್ರೆ ಒಪ್ತಿರ್ಲಿಲ್ಲ, ರೇಟು ಅಂದ್ಮೇಲೆ ಒಪ್ಪಿದ್ರು.

ಇನ್ನು ವಾಸ್ತು. ಇದನ್ನ ನಾನು ಯೋಚನೆನೇ ಮಾಡಿರ್ಲಿಲ್ಲ. ರಸ್ತೆ ಬಾಗಿದ್ರೆ ಹೊರಗಡೆ ಸೈಟುಗಳು ಬೀಸಣಿಗೆ ತರ ಬಿಚ್ಕೋತವೆ, ಮುಂದೆ ಕಿರಿದು ಹಿಂದೆ ಅಗಲ, ಅದು ಗೋಮುಖ, ಜನ ಮುಗಿಬಿದ್ದು ತಗೊಂಡ್ರು. ಒಳಗಡೆ ಸೈಟುಗಳು ಉಲ್ಟಾ, ಮುಂದೆ ಅಗಲ ಹಿಂದೆ ಕಿರಿದು, ವ್ಯಾಘ್ರಮುಖ, ಮನೆಗೆ ಬೇಡ ಅಂತಾರೆ. ಅಂಗಡಿಗೆ ಆಗುತ್ತೆ ಅಂತಾರಲ್ಲ ಅಂತ ತಿರುವಿನ ಒಳಗಡೆಯ ನಾಲ್ಕು ಸೈಟು ಅಂಗಡಿ ಸಾಲು ಮಾಡಿದೆ, ಈಗ ಅಲ್ಲೇ ಬೇಕರಿ, ಹಾಲಿನ ಬೂತು, ಸಂಜೆ ಹೊತ್ತು ಜನ ಸೇರೋದೂ ಅಲ್ಲೇ. ಪ್ಲಾನಲ್ಲಿ ಚೌಕ ಅಂತ ನಾನು ಎಲ್ಲೂ ಬರೆದಿರ್ಲಿಲ್ಲ, ವಾಸ್ತು ಮಾಡಿಸ್ತು. ಆದ್ರೆ ದಿಕ್ಕು ಓರೆಯಾಗಿರೋ ವಿದಿಕ್ಕು ಸೈಟುಗಳು ಎರಡು ವರ್ಷ ಹೋಗ್ಲಿಲ್ಲ, ಗೌಡ್ರು ಫೋನ್ ಮಾಡಿದಾಗೆಲ್ಲ ಅದನ್ನೇ ಹೇಳ್ತಿದ್ರು. ಚೆಸ್ ಬೋರ್ಡ್ ಹಾಕಿದ್ರೆ 180 ಸೈಟು ಬರ್ತಿತ್ತು, ನಮ್ಮದ್ರಲ್ಲಿ 163. ಮಣ್ಣು ಕಡಿದು ತುಂಬೋ ಖರ್ಚು, ಮಣ್ಣು ತಡೆಯೋ ರಿಟೈನಿಂಗ್ ವಾಲ್ ಖರ್ಚು ಉಳೀತು ನಿಜ, ಆದ್ರೆ ಆ 17 ಸೈಟಿಗೆ ಸಮ ಆಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ.

ಇನ್ನೊಂದು ಸೋಲು. ಸೈಟು ಮಾರಿದ ಮೇಲೆ ನಮ್ಮ ಮಾತು ನಡೆಯಲ್ಲ. ಧರೆನ ಒಂದೂವರೆ ಮೀಟರಿಗಿಂತ ಜಾಸ್ತಿ ಕಡೀಬೇಡಿ, ಮನೆನ ಅರ್ಧ ಮಹಡಿ ಮೇಲೆ ಕೆಳಗೆ ಮಾಡಿ ಗುಡ್ಡದ ಜೊತೆ ಇಳಿಸಿ ಅಂತ ಎಲ್ರಿಗೂ ಒಂದು ಹಾಳೆ ಪ್ರಿಂಟ್ ಮಾಡಿ ಕೊಟ್ಟಿದ್ವಿ. ಅರ್ಧ ಜನ ಕೇಳಿದ್ರು. ಒಬ್ರು ಕಾರ್ ಪಾರ್ಕಿಂಗ್ ಬೇಕು ಅಂತ ಮೂರು ಮೀಟರ್ ನೆಟ್ಟಗೆ ಕಡಿಸಿದ್ರು, ಹಿಂದಿನ ಮನೆ ಕಾಂಪೌಂಡು ಬಿರುಕು ಬಿಡ್ತು. 2019ರಲ್ಲಿ ಮೂಡಿಗೆರೆ, ಕಳಸ ಕಡೆ ಗುಡ್ಡ ಜಾರಿದ್ದು ಕಣ್ಣಾರೆ ನೋಡಿದ ಜನಾನೇ ಇವ್ರೂ.

ಹೋದ ಜೂನಲ್ಲಿ ಮಳೆ ಹಿಡಿದ ವಾರ ರೈಟ್ರೇ ಫೋನ್ ಮಾಡಿದ್ರು, "ಬನ್ನಿ ಸಾರ್, ನೀರು ನೋಡುವಾ" ಅಂತ. ಹೋದೆ. ಕೆಳಗಿನ ಕಟ್ಟೆ ಹತ್ರ ಕೊಡೆ ಹಿಡ್ಕೊಂಡು ನಿಂತು ಒಂದೊಂದೇ ಮೋರಿ ತೋರಿಸಿದ್ರು, ನೀರು ಎಷ್ಟು ಬರ್ತಿದೆ ಅಂತ ಅವ್ರು ನೋಡ್ಲೇ ಇಲ್ಲ, ಬಣ್ಣ ನೋಡ್ತಿದ್ರು. ಆರು ಮೋರಿ ನೀರು ಟೀ ಡಿಕಾಕ್ಷನ್ ತರ ತೆಳ್ಳಗೆ ಇತ್ತು. ಮೂರನೇದು ಮಾತ್ರ ಕಡುಗೆಂಪು, ಮಣ್ಣು ಕದಡಿಕೊಂಡು ಬರ್ತಿತ್ತು. ಇಬ್ರೂ ಏನೂ ಮಾತಾಡ್ಲಿಲ್ಲ, ಮೆಟ್ಟಿಲು ಓಣಿ ಹಿಡಿದು ಆ ಪಾರ್ಕಿಂಗ್ ಮನೆ ಕಡೆ ಹತ್ತೋಕೆ ಶುರು ಮಾಡಿದ್ವಿ.