ಬಿರುಕಿನ ಗೋಡೆಗೆ ಸುಣ್ಣದ ಹಾಲು: ಭುಜ್‌ನಲ್ಲಿ ಕಲಿತದ್ದು, ಚಾಮರಾಜಪೇಟೆಯಲ್ಲಿ ಫಲಿಸಿದ್ದು

ಬೆಂಗಳೂರಿನ ಚಾಮರಾಜಪೇಟೆಯ ಒಂದು ಹಳೆಯ ಮನೆಯ ಬಿರುಕುಗಳಿಗೆ ಸುಣ್ಣದ ಹಾಲು, ಅಂದರೆ ನೀರಾಗಿ ಕಲಸಿದ ಸುಣ್ಣ, ಕುಡಿಸಿ ಅವುಗಳ ಮೇಲೆ ನಾನು ಅಂಟಿಸಿದ ಒಂಬತ್ತು ಗಾಜಿನ ಪಟ್ಟಿಗಳಲ್ಲಿ ಮೂರು ಮಳೆಗಾಲ ಕಳೆದರೂ ಒಂದೂ ಒಡೆದಿಲ್ಲ. ಗೋಡೆ ಕೊಂಚ ಸರಿದರೂ ಒಡೆಯುವ ಪಟ್ಟಿಗಳವು. "ಕೆಡವಿಬಿಡಿ ಸರ್, ಸುಣ್ಣದಿಂದ ಈ ಗೋಡೆ ಕೂಡುವುದಿಲ್ಲ" ಎಂದಿದ್ದ ಎಂಜಿನಿಯರರೊಬ್ಬರು ಈಚೆಗೆ ತಾವಾಗಿಯೇ ಬಂದು, ಒಂದೊಂದು ಪಟ್ಟಿಯನ್ನೂ ಬೆರಳಿನಿಂದ ಸವರಿ ನೋಡಿ ಹೋದರು. ಇನ್ನು ಬರೆಯಬಹುದು ಎನ್ನಿಸಿತು. ಸುಣ್ಣ ಅರಳಿಸುವುದು, ಗಾರೆ ಅರೆಯುವುದು ತಿಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಪಾಠ ಇಲ್ಲಿಲ್ಲ.

ಈ ವಿಧಾನದ ಬೇರು ಇರುವುದು ಗುಜರಾತಿನ ಭುಜ್‌ನಲ್ಲಿ. 2001ರ ಜನವರಿ 26ರ ಬೆಳಿಗ್ಗೆ ಕಛ್ ನಡುಗಿತು, ತೀವ್ರತೆ 7.7. ಅದೇ ವರ್ಷ ಮಾಗಡಿ ಕಡೆಯ ಮೂವರು ಗಾರೆ ಕೆಲಸದವರನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದೆ. 18ನೇ ಶತಮಾನದ ಆಯಿನಾ ಮಹಲ್‌ನ ಮೇಲ್ಭಾಗ ಕುಸಿದಿತ್ತು. ಪಕ್ಕದ ಪ್ರಾಗ್ ಮಹಲ್‌ಗೂ ಪೆಟ್ಟು ಬಿದ್ದಿತ್ತು. ನನಗೆ ಸಿಕ್ಕಿದ್ದು ಅರಮನೆಯ ಕೆಲಸವಲ್ಲ, ಹಳೆಯ ಊರಿನ ಓಣಿಯಲ್ಲಿದ್ದ ಎರಡಂತಸ್ತಿನ ಒಂದು ಕಲ್ಲಿನ ಮನೆ. ಆ ಓಣಿಯಲ್ಲಿ ಸೀಳಿ ನಿಂತಿದ್ದ ಗೋಡೆಗಳನ್ನು ನೋಡುತ್ತ ನಡೆದದ್ದೇ ನನ್ನ ಓದು. ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮೈಗಳನ್ನು ಹಿಡಿದುಕೊಳ್ಳುವ ಅಡ್ಡಗಲ್ಲು ಎಲ್ಲಿಯೂ ಇಲ್ಲ. ನೆಲ ಅಲುಗಿದಾಗ ಒಂದು ಮೈ ಬೀದಿಗೆ ಬಿದ್ದಿತ್ತು, ಇನ್ನೊಂದು ಮನೆಯೊಳಗೆ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಜನರನ್ನು ಕೊಂದದ್ದೂ ಇಂತಹ ಗೋಡೆಗಳೇ.

ಅಲ್ಲಿ ಗುತ್ತಿಗೆದಾರರಿಗೆ ಅವಸರ. ಸಿಮೆಂಟ್ ಹಾಲನ್ನು ಕೈಪಂಪಿನಿಂದ ಬಿರುಕಿಗೆ ಒತ್ತಲು ಹೇಳಿದರು, ಒತ್ತಿದೆವು. ಮೂರನೆಯ ದಿನ ಗೋಡೆಗೆ ಹೊಟ್ಟೆ ಬಂತು: ಒತ್ತಡಕ್ಕೆ ಹೊರಮೈ ಎರಡು ಬೆರಳಿನಷ್ಟು ಮುಂದೆ ಸರಿದಿತ್ತು. ಅದನ್ನು ಬಿಚ್ಚಿ ಕಟ್ಟಿದ ಕೂಲಿ ನನ್ನ ಜೇಬಿನಿಂದಲೇ ಹೋಯಿತು, ಸುಮಾರು ನಲವತ್ತು ಸಾವಿರ ರೂಪಾಯಿ. ಆ ಕಾಲಕ್ಕೆ ಅದು ನನ್ನ ಒಂದು ವರ್ಷದ ಉಳಿತಾಯ. ಬೇರೆ ಕಡೆ ಸಿಮೆಂಟ್ ತುಂಬಿದ್ದ ಗೋಡೆಗಳಲ್ಲಿ ಇನ್ನೊಂದು ಸಂಗತಿ ಕಂಡೆ. ಆಮೇಲಿನ ಸಣ್ಣ ಕಂಪನಗಳಿಗೆ ಹೊಸ ಬಿರುಕು ಸಿಮೆಂಟಿನಲ್ಲಿ ಬಿಡಲಿಲ್ಲ, ಅದರ ಪಕ್ಕದಲ್ಲೇ ಬಿಟ್ಟಿತು. ಮೆತ್ತಗಿನ ಗೋಡೆಯ ನಡುವೆ ಗಟ್ಟಿ ಎಲುಬು ಇಟ್ಟಂತಾಗಿ, ಅಲುಗಿದಾಗಲೆಲ್ಲ ಅದು ಅಕ್ಕಪಕ್ಕದ ಕಲ್ಲುಗಳನ್ನೇ ಒಡೆಯುತ್ತಿತ್ತು.

ಸಿಮೆಂಟ್ ಬಿಟ್ಟು ಬರೀ ಸುಣ್ಣದ ಹಾಲು ಹಾಕಿದೆ. ಅದೂ ಸೋತಿತು. ನಾಲ್ಕು ತಿಂಗಳ ನಂತರ ಒಂದು ಕಲ್ಲು ಕಿತ್ತು ನೋಡಿದರೆ ಒಳಗೆ ಸುಣ್ಣ ಮೊಸರಿನಂತೆಯೇ ಇತ್ತು. ಎರಡು ಅಡಿ ದಪ್ಪದ ಗೋಡೆಯೊಳಗೆ ಗಾಳಿ ಹೋಗದಿದ್ದರೆ ಬರೀ ಸುಣ್ಣ ಗಟ್ಟಿಯಾಗುವುದಾದರೂ ಹೇಗೆ? ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಿದ ಮೇಲೆಯೇ ಅದು ಹಿಡಿದುಕೊಂಡದ್ದು. ಆದರೆ ಕೆಂಪಾದ ಯಾವ ಪುಡಿಯೂ ಸುರ್ಕಿ ಆಗುವುದಿಲ್ಲ. ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ ಮರಳಿನಂತೆ ಸುಮ್ಮನೆ ಕುಳಿತಿರುತ್ತದೆ. ಭಟ್ಟಿಯ ಅಂಚಿನಲ್ಲಿ ಹದವಾಗಿ ಬೇಯದೆ ಉಳಿದ ಇಟ್ಟಿಗೆ ಬೇಕು. ಅದನ್ನು ನಾನು ಈಗಲೂ ಭಟ್ಟಿಗೆ ಹೋಗಿ ಕೈಯಾರೆ ಆರಿಸಿ ತರುತ್ತೇನೆ.

ಈಗ ಚಾಮರಾಜಪೇಟೆ. 1892ರಲ್ಲಿ ಹುಟ್ಟಿದ ಬಡಾವಣೆ. ಈ ಮನೆಗೆ ನೂರು ವರ್ಷದ ಹತ್ತಿರ. ಹದಿನೆಂಟು ಅಂಗುಲದ ಇಟ್ಟಿಗೆ ಗೋಡೆ, ಮಣ್ಣಿನ ಗಾರೆ, ಮೇಲೆ ಮದ್ರಾಸ್ ಟೆರೇಸ್, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಸೂರು. ಭುಜ್ ನಡುಗಿದ ಮೂರು ದಿನಕ್ಕೆ ಬೆಂಗಳೂರಿನಲ್ಲೂ ನೆಲ ಅಲುಗಿತ್ತಲ್ಲ, ಆಗಲೇ ಕಿಟಕಿಯ ಮೂಲೆಯಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟಿತ್ತೆಂದು ಮನೆಯ ಅಮ್ಮ ಹೇಳಿದರು. 2002ರ ಭೂಕಂಪ ಸಂಹಿತೆಯಲ್ಲಿ ನಮ್ಮ ಊರು ಎರಡನೇ ವಲಯ, ಅಂದರೆ ಅಪಾಯ ಕಡಿಮೆ. ಆದರೆ ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗೆಂದು ಹನ್ನೆರಡು ಅಡಿ ಅಗೆದು ಬಂಡೆ ಒಡೆಯತೊಡಗಿದ ಮೇಲೆ ಆ ಮನೆಯ ಮಟ್ಟಿಗೆ ದಿನವೂ ಭೂಕಂಪವೇ. ಕೂದಲೆಳೆ ಬೆರಳಿನಷ್ಟಾಯಿತು. ತೂಗುಗುಂಡು ಬಿಟ್ಟಾಗ ಮೂಲೆ ಒಂದೂಕಾಲು ಅಂಗುಲ ವಾಲಿತ್ತು.

"ಭುಜ್‌ನದು ಕಲ್ಲಿನ ಗೋಡೆ, ಇದು ಮಣ್ಣಿಗೆ ಕಟ್ಟಿದ ಇಟ್ಟಿಗೆ. ಒಳಗೆ ನೀರು ಬಿಟ್ಟರೆ ಮಣ್ಣೇ ಕರಗಿ ಬರುತ್ತದೆ ಸರ್" ಎಂದು ನಮ್ಮ ಮೇಸ್ತ್ರಿ ಮೊದಲ ದಿನವೇ ಎಚ್ಚರಿಸಿದ್ದರು. ನಾನು ಕೇಳಲಿಲ್ಲ. ಹಾಲು ಬಿಡುವ ಮೊದಲು ಬಿರುಕನ್ನು ಪೈಪಿನಿಂದ ತೊಳೆಯುವುದು ಅಭ್ಯಾಸ, ತೊಳೆಸಿದೆ. ಸಂಜೆಯ ಹೊತ್ತಿಗೆ ಕೆಂಪು ನೀರು ಜಗುಲಿಯ ಮೇಲೆ ಹರಿದು, ಬಾಗಿಲ ಪಕ್ಕದ ಕಂಬ ಅರ್ಧ ಅಂಗುಲ ಕುಸಿದಿತ್ತು. ಆ ರಾತ್ರಿಯೇ ಆನಿಕೆ ಕೊಟ್ಟು, ಕಂಬವನ್ನು ಬುಡದಿಂದ ಕಟ್ಟಿಸಿದೆ. ಎರಡೂವರೆ ಲಕ್ಷ ಹೋಯಿತು. ಅಮ್ಮನವರಿಂದ ಅದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಪೈಪನ್ನು ಮುಟ್ಟಲೇ ಇಲ್ಲ. ದನಗಳಿಗೆ ಚುಚ್ಚುವ ದೊಡ್ಡ ಸಿರಿಂಜಿನಲ್ಲಿ ತೆಳುವಾದ ಸುಣ್ಣದ ತಿಳಿನೀರು, ಬಿರುಕಿನ ಉದ್ದಕ್ಕೂ ಬಿಟ್ಟ ತೂತುಗಳಲ್ಲಿ ಒಂದೊಂದಕ್ಕೆ ದಿನಕ್ಕೆ ಎರಡೇ ಬಾರಿ, ಐದು ದಿನ. ಮಣ್ಣು ಕರಗದೆ ಬಿಗಿಯುತ್ತ ಬಂತು. ಆರನೆಯ ದಿನ ಹಾಲು. ಆರಡಿ ಎತ್ತರದಲ್ಲಿ ಬಕೆಟ್, ಅದರಿಂದ ಆಸ್ಪತ್ರೆಯ ಸಲೈನ್ ನಳಿಗೆಗಿಂತ ಸ್ವಲ್ಪ ದಪ್ಪನೆಯ ನಳಿಗೆ. ಪಂಪಿಲ್ಲ, ಒತ್ತಡವಿಲ್ಲ, ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೆಳಗಿನ ತೂತಿನಿಂದ ಶುರು. ಮೇಲಿನ ತೂತಿನಲ್ಲಿ ಹಾಲು ಕಂಡರೆ ಕೆಳಗಿನದಕ್ಕೆ ಬೆಣೆ. ದಿನಕ್ಕೆ ಎರಡು ಅಡಿಗಿಂತ ಮೇಲೆ ಏರಬಾರದು. ಸುಣ್ಣ, ಸುರ್ಕಿ ಹೆಚ್ಚುಕಡಿಮೆ ಸಮಸಮ, ಎರಡನ್ನೂ ಪಂಚೆಯ ಬಟ್ಟೆಯಲ್ಲಿ ಸೋಸಬೇಕು. ಸುರ್ಕಿ ನಳಿಗೆಯಲ್ಲಿ ತಳ ಹಿಡಿಯದಂತೆ ಹಾಲಿಗೆ ಒಂದು ವಸ್ತು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹನ್ನೆರಡು ವರ್ಷ ಹುಡುಕಿ ಕಂಡುಕೊಂಡದ್ದು. ನನ್ನ ಜೊತೆ ಒಂದು ಗೋಡೆ ಮುಗಿಸಿದವರಿಗೆ ತೋರಿಸುತ್ತೇನೆ.

ಹುಡುಕಾಟದಲ್ಲಿ ಏನೇನೋ ಮಾಡಿದ್ದೇನೆ. ಪಾಪಾಸುಕಳ್ಳಿಯ ಲೋಳೆ ಗಿಲಾವಿಗೆ ಬಹಳ ಒಳ್ಳೆಯದು, ಮಳೆ ನೀರು ಜಾರುತ್ತದೆ. ಗೋಡೆಯೊಳಗಿನ ಹಾಲಿಗೆ ಹಾಕಿದರೆ ಬೂಸು ವಾಸನೆ. ಉದ್ದು ನೆನೆಸಿದ ನೀರು ಹಾಕಿದ ಮಾದರಿ ಗೋಡೆ ಚೆನ್ನಾಗಿಯೇ ಬಂತು, ಆದರೆ ಇರುವೆ ಸಾಲುಗಟ್ಟಿತು. ಬೆಲ್ಲ, ಅಳಲೆಕಾಯಿ ಟೆರೇಸಿನ ಗಾರೆಗೆ ಸರಿ. ಕೆಂಗೇರಿಯ ಶೆಡ್ಡಿನಲ್ಲಿ ಇಂತಹ ಇಪ್ಪತ್ತು ಇಪ್ಪತ್ತೆರಡು ಮೋಟು ಗೋಡೆಗಳು ಇನ್ನೂ ನಿಂತಿವೆ.

ಹಾಲು ಕುಡಿಸಿದರೆ ಸಾಲದು, ಹೊಲಿಗೆಯೂ ಬೇಕು. ಬಿರುಕಿನ ಎರಡೂ ಬದಿಗೆ ಎರಡೆರಡು ಅಡಿ ಹೋಗುವಂತೆ, ಇಟ್ಟಿಗೆಯ ನಾಲ್ಕು ವರಸೆಗೊಂದರಂತೆ, ತುಕ್ಕು ಹಿಡಿಯದ ಉಕ್ಕಿನ ತಿರುಚಿದ ಸರಳನ್ನು ಸಂದಿನಲ್ಲಿ ಕೂರಿಸಿ ಗಾರೆ ತುಂಬಿದೆ. ಮೂಲೆಗೆ ಮಾತ್ರ ಮರ. 2016ರಲ್ಲಿ ನಾನು ನೇಪಾಳದ ಭಕ್ತಪುರಕ್ಕೆ ಹೋಗಿದ್ದೆ. ಐದಂತಸ್ತಿನ ನ್ಯಾತಪೋಲ ಗುಡಿ 1934ರ ಭೂಕಂಪವನ್ನೂ 2015ರದನ್ನೂ ತಾಳಿಕೊಂಡು ನಿಂತಿದೆ. ಅಲ್ಲಿನ ಇಟ್ಟಿಗೆ ಗುಡಿಗಳಲ್ಲಿ ಗೋಡೆಯೊಳಗೆ ಹಾಸಿದ ತೊಲೆಗಳನ್ನೂ ಮರದ ಬೆಣೆಗಳನ್ನೂ ಒಂದು ವಾರ ಕುಳಿತು ನೋಡಿದೆ. ಕಬ್ಬಿಣದ ಮೊಳೆಯ ಬದಲು ಮರದ ಬೆಣೆ ಇರುವುದರಿಂದ ಅಲುಗಿದಾಗ ಮರ ಕೊಂಚ ಸರಿದಾಡುತ್ತದೆ, ಇಟ್ಟಿಗೆಯನ್ನು ಕೈಬಿಡುವುದಿಲ್ಲ. ಅದನ್ನು ನೆನೆದು ಕಿಟಕಿಯ ಮೇಲ್ಮಟ್ಟದಲ್ಲಿ ಹಳೆಯ ಹೊನ್ನೆ ತೊಲೆಗಳನ್ನು ಮೂಲೆಗಟ್ಟಾಗಿ ಕೂರಿಸಿದೆ. ತೊಲೆಗಳು ಸಿಕ್ಕಿದ್ದು ಅದೇ ಬೀದಿಯಲ್ಲಿ ಕೆಡವುತ್ತಿದ್ದ ಇನ್ನೊಂದು ಮನೆಯಲ್ಲಿ. ಹದಿನೆಂಟು ಸಾವಿರಕ್ಕೆ ಕೊಟ್ಟರು. ಆ ಮನೆಯನ್ನು ಉಳಿಸಲಾಗಲಿಲ್ಲ ಎಂಬ ನೋವು ಇದೆ.

ಒಟ್ಟು ಹದಿನಾಲ್ಕು ಲಕ್ಷದ ಸುಮಾರು ಆಯಿತು, ಏಳು ತಿಂಗಳು ಹಿಡಿಯಿತು. ಸಿಮೆಂಟ್ ಒತ್ತುವವರು ಆರು ಲಕ್ಷ, ಒಂದು ತಿಂಗಳು ಎಂದಿದ್ದರು. ಕೆಡವಿ ಕಟ್ಟಲು ಕೋಟಿಯ ಮೇಲೆ. ನನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಸುಣ್ಣ, ಸುರ್ಕಿ ಎರಡೂ ಸೇರಿ ಎರಡು ಲಕ್ಷ ದಾಟಿರಲಿಕ್ಕಿಲ್ಲ.

ಗಾಜಿನ ಪಟ್ಟಿಗಳನ್ನು ಕೆಲಸ ಮುಗಿದ ತಿಂಗಳಿಗೆ ಅಂಟಿಸಿದೆ. ಆಮೇಲೂ ಪಕ್ಕದಲ್ಲಿ ಬಂಡೆ ಒಡೆಯುವ ಯಂತ್ರ ಎಂಟು ತಿಂಗಳು ನಡೆಯಿತು. ಅಲ್ಲೀಗ ಐದಂತಸ್ತು ಎದ್ದಿದೆ. ಅದರ ಕಾಂಪೌಂಡಿನಲ್ಲಿ ಬಿರುಕು ಬಿಟ್ಟಿದೆ, ಅಮ್ಮನವರ ಗೋಡೆಯಲ್ಲಿ ಇಲ್ಲ. ಮೇಸ್ತ್ರಿ ಈಗಲೂ ತಿಂಗಳಿಗೊಮ್ಮೆ ಆ ದಾರಿಯಲ್ಲಿ ಹೋದಾಗ ತೂಗುಗುಂಡು ಬಿಟ್ಟು ನೋಡಿ ನನಗೆ ಫೋನ್ ಮಾಡುತ್ತಾರೆ.

ಮುಂದಿನ ಕೆಲಸ ಬಸವನಗುಡಿಯಲ್ಲಿ, ಕಲ್ಲುಚಪ್ಪಡಿ ಸೂರಿನ ಮನೆ. ಅದಕ್ಕೆಂದು ಸುಣ್ಣವನ್ನು ನೀರಿನಲ್ಲಿ ಅರಳಿ ಹದವಾಗಲು ಗುಂಡಿಗೆ ಹಾಕಿ ನಲವತ್ತು ದಿನವಾಯಿತು. ಇನ್ನೂ ಎರಡು ತಿಂಗಳು ಅದನ್ನು ಮುಟ್ಟುವುದಿಲ್ಲ.