ಒಂದು ಕಾಂಜಿ, ಒಂದು ವಾರ: ಜಪಾನಿಯ ‘ಹೊತ್ತು’ ಕಲಿಯೋಣ ಬನ್ನಿ

ಜಪಾನಿ ಕಲಿಯಲು ಹೊರಟವರು ಹಿರಗಾನ, ಕತಕಾನ ಎಂಬ ಸದ್ದಿನ ಲಿಪಿ ಎರಡನ್ನೂ ಹೇಗೋ ದಾಟಿಬಿಡುತ್ತಾರೆ. ಕಾಂಜಿ, ಅಂದರೆ ಚೀನಾದಿಂದ ಬಂದ, ಅರ್ಥ ಹೇಳುವ ಅಕ್ಷರಗಳು ಬಂತೋ, ಅಲ್ಲೇ ನಿಲ್ಲುತ್ತಾರೆ. ಜಯನಗರದಲ್ಲಿ ನಾನು ಹೋಗುತ್ತಿದ್ದ ಕ್ಲಾಸಿನಲ್ಲೂ ಹಾಗೇ ಆಯ್ತು, ಕಾಂಜಿ ಶುರುವಾದ ತಿಂಗಳಲ್ಲೇ ಅರ್ಧ ಬೆಂಚು ಖಾಲಿ. ದಿನಕ್ಕೆ ಹತ್ತು ಅಕ್ಷರದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದರೆ ಯಾರಿಗೆ ತಾನೇ ತಲೆಯಲ್ಲಿ ನಿಲ್ಲುತ್ತೆ? ಜಪಾನಿನ ಮಕ್ಕಳೇ ಒಂದನೇ ಕ್ಲಾಸಿನ ಇಡೀ ವರ್ಷದಲ್ಲಿ ಕಲಿಯುವುದು 80 ಕಾಂಜಿ.

ಅದಕ್ಕೇ ನನ್ನ ಮಾತು ಇಷ್ಟು: ಮೊದಲ ವಾರ ಒಂದೇ ಅಕ್ಷರ ಹಿಡಿಯಿರಿ, ಅದನ್ನು ಪೂರ್ತಿ ಕಲಿಯಿರಿ. ನಾನು ಹೇಳುವ ಅಕ್ಷರ ಸೂರ್ಯನದು.

ನೋಡಲು ಅದು ಎದ್ದು ನಿಂತ ಕಿಟಕಿ. ಸುತ್ತ ಚೌಕಟ್ಟು, ಮಧ್ಯೆ ಒಂದು ಅಡ್ಡಪಟ್ಟಿ, ಮುಗಿಯಿತು. ಮೂರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಮೂಳೆ, ಆಮೆ ಚಿಪ್ಪಿನ ಮೇಲೆ ಕೊರೆಯುತ್ತಿದ್ದ ಕಾಲಕ್ಕೆ ಇದು ನಿಜವಾಗಿಯೂ ಸೂರ್ಯನ ಚಿತ್ರವೇ ಆಗಿತ್ತು: ಒಂದು ದುಂಡು, ನಡುವೆ ಒಂದು ಗುರುತು. ಬರೆದು ಬರೆದು ದುಂಡು ಚೌಕವಾಯಿತು, ನಡುವಿನ ಗುರುತು ಗೆರೆಯಾಯಿತು. ಇದಕ್ಕೆ ಅರ್ಥ ಎರಡು, ಸೂರ್ಯ ಮತ್ತು ದಿನ. ಒಂದೇ ಅಕ್ಷರಕ್ಕೆ ಎರಡು ಅರ್ಥ ಹೇಗೆ ಅಂತ ಕನ್ನಡದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಹೊತ್ತು ಮೂಡುವ ಮುಂಚೆ ಎದ್ದೆ’ ಅಂದಾಗ ಹೊತ್ತು ಅಂದರೆ ಸೂರ್ಯ, ‘ತುಂಬಾ ಹೊತ್ತು ಕಾದೆ’ ಅಂದಾಗ ಅದೇ ಹೊತ್ತು ಕಾಲ. ಜಪಾನಿನವರಿಗೆ ಆ ಕಿಟಕಿ ಸುಮಾರಾಗಿ ನಮ್ಮ ‘ಹೊತ್ತು’ ಇದ್ದ ಹಾಗೆ.

ಈಗ ಬರೆಯೋಣ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಲೆಕ್ಕದ ಚೌಕದ ಪುಸ್ತಕ ಕೇಳಿ, ಚೌಕ ಆದಷ್ಟು ದೊಡ್ಡದಿರಲಿ. ಪೆನ್ಸಿಲ್ಲೇ ಒಳ್ಳೆಯದು. ಒಟ್ಟು ನಾಲ್ಕು ಗೆರೆ. ಮೊದಲು ಎಡಗಡೆ ಮೇಲಿಂದ ಕೆಳಗೆ ನೇರ ಗೆರೆ. ಎರಡನೆಯದು ಅದರ ತಲೆಯಿಂದ ಹೊರಟು ಬಲಕ್ಕೆ ಹೋಗಿ, ಮೂಲೆಯಲ್ಲಿ ಪೆನ್ಸಿಲ್ ಎತ್ತದೆ ಕೆಳಗಿಳಿಯಬೇಕು. ಇದು ಎರಡು ಗೆರೆಯಲ್ಲ, ಒಂದೇ. ಮೂರನೆಯದು ನಡುವಿನ ಅಡ್ಡಪಟ್ಟಿ. ನಾಲ್ಕನೆಯದು ಕೆಳಗಿನ ಪಟ್ಟಿ. ಮನೆಯೊಳಗೆ ಸಾಮಾನು ಇಟ್ಟು ಆಮೇಲೆ ಬಾಗಿಲು ಹಾಕುತ್ತೇವಲ್ಲ, ಹಾಗೆ ಕೆಳಗಿನ ಗೆರೆ ಯಾವಾಗಲೂ ಕೊನೆಗೆ. ನಾನು ಮೊದಲು ಪೂರ್ತಿ ಡಬ್ಬ ಬರೆದುಬಿಟ್ಟು ಆಮೇಲೆ ಒಳಗೆ ಗೆರೆ ಎಳೆಯುತ್ತಿದ್ದೆ, ಆ ಅಭ್ಯಾಸ ಬಿಡಿಸಿಕೊಳ್ಳಲು ಎರಡು ವಾರ ಬೇಕಾಯಿತು. ಇನ್ನೊಂದು ವಿಷಯ. ನಮ್ಮ ಕೈ ಕನ್ನಡದ ದುಂಡಕ್ಷರಕ್ಕೆ ಪಳಗಿದೆ, ಅದಕ್ಕೇ ಆ ಬಲಗಡೆಯ ಮೂಲೆ ತಾನಾಗೇ ಬಾಗಿ ಸೊನ್ನೆಯ ಹಾಗಾಗುತ್ತದೆ. ಮೂಲೆಗೆ ಬಂದಾಗ ಒಂದು ಕ್ಷಣ ಪೆನ್ಸಿಲ್ ಒತ್ತಿ ನಿಲ್ಲಿಸಿ, ಆಮೇಲೆ ಇಳಿಸಿ. ಮೂಲೆ ಚೂಪಾಗಿ ಬರುತ್ತೆ.

ನಡುವೆ ಎರಡು ಪಟ್ಟಿ ಹಾಕಿದರೆ ಅದು ‘ಕಣ್ಣು’, ತಲೆಯ ಮೇಲೆ ಚಿಕ್ಕ ಗೀಟು ಇದ್ದರೆ ‘ಬಿಳಿ’. ಸದ್ಯಕ್ಕೆ ಇವುಗಳ ಮುಖಪರಿಚಯ ಇದ್ದರೆ ಸಾಕು.

ಜನ ಹೆದರುವುದು ಮುಂದಿನ ಭಾಗಕ್ಕೆ, ಓದುವ ಬಗೆಗೆ. ಈ ಒಂದು ಅಕ್ಷರವನ್ನು ನಿಚಿ, ಜಿತ್ಸು, ಹಿ, ಕ ಅಂತ ನಾಲ್ಕು ಬಗೆಯಲ್ಲಿ ಓದುತ್ತಾರೆ. ಹೀಗೆ ಯೋಚಿಸಿ. ಮನೆಯಲ್ಲಿ ‘ಒಂದು ಲೋಟ ನೀರು ಕೊಡಿ’ ಅಂತೀವಿ. ನೀರಿನ ಬಿಲ್ ಬರುವುದು ಮಾತ್ರ ಜಲಮಂಡಳಿಯಿಂದ. ಒಂಟಿಯಾಗಿ ನಿಂತಾಗ ನಮ್ಮದೇ ಪದ, ಜೋಡಿಯಾದಾಗ ಸಂಸ್ಕೃತದ್ದು. ಜಪಾನಿನವರು ಈ ‘ನೀರು’, ‘ಜಲ’ ಎರಡಕ್ಕೂ ಒಂದೇ ಚಿತ್ರ ಬರೆದು, ಜಾಗ ನೋಡಿ ಬೇರೆ ಬೇರೆ ಓದುತ್ತಾರೆ, ಅಷ್ಟೇ ವ್ಯತ್ಯಾಸ. ಅವರ ಸ್ವಂತ ಓದಿಗೆ ಕುನ್‌ಯೋಮಿ, ಚೀನಾದಿಂದ ಬಂದ ಓದಿಗೆ ಓನ್‌ಯೋಮಿ ಅನ್ನುತ್ತಾರೆ. ‘ಹಿ’, ‘ಕ’ ಮನೆಮಾತು, ‘ನಿಚಿ’, ‘ಜಿತ್ಸು’ ಹೊರಗಿನಿಂದ ಬಂದವು.

ಆದರೆ ಈ ನಾಲ್ಕನ್ನು ಒಂಟಿಯಾಗಿ ಬಾಯಿಪಾಠ ಮಾಡಲೇಬೇಡಿ. ಪದದ ಜೊತೆಗೇ ಕಲಿಯಿರಿ. ಮೈನಿಚಿ, ಪ್ರತಿದಿನ. ಹೇಜಿತ್ಸು, ಕೆಲಸದ ದಿನ. ಕ್ಯೂಜಿತ್ಸು, ರಜಾದಿನ. ಹಿನೊದೆ, ಸೂರ್ಯೋದಯ. ದೇಶದ ಹೆಸರು ನಿಹೊನ್ ಕೂಡ ಈ ಅಕ್ಷರದಿಂದಲೇ ಶುರು. ಸೂರ್ಯ ಮತ್ತು ಮೂಲ ಸೇರಿ, ಹೊತ್ತು ಹುಟ್ಟುವ ಕಡೆ.

ತಂಜೋಬಿ ಅಂದರೆ ಹುಟ್ಟಿದಹಬ್ಬ. ಇಲ್ಲಿ ಕೊನೆಯ ‘ಹಿ’ ಯಾಕೆ ‘ಬಿ’ ಆಯಿತು? ನನಗೆ ತುಂಬಾ ಖುಷಿ ಕೊಟ್ಟ ಜಾಗ ಇದು. ಹೈಸ್ಕೂಲಿನ ಆದೇಶ ಸಂಧಿ ನೆನಪಿದೆಯಾ? ಮಳೆ, ಕಾಲ ಸೇರಿ ಮಳೆಗಾಲ. ಕಣ್, ಪನಿ ಸೇರಿ ಕಂಬನಿ. ಕ, ತ, ಪ ಇದ್ದದ್ದು ಗ, ದ, ಬ ಆಗುತ್ತದೆ. ಜಪಾನಿಯಲ್ಲೂ ಇದೇ ನಡೆಯುತ್ತದೆ, ಅವರು ಅದನ್ನು ರೆಂದಾಕು ಅನ್ನುತ್ತಾರೆ. ‘ಕಸ’ ಅಂದರೆ ಕೊಡೆ, ಬಿಸಿಲಿಗೆ ಹಿಡಿಯುವ ಕೊಡೆ ‘ಹಿಗಸ’. ಕಾಲ ಗಾಲವಾದ ಹಾಗೇ ಅಲ್ವಾ? ಸರಿ, ‘ಹ’ ಯಾಕೆ ‘ಬ’ ಆಗಬೇಕು ಅಂತ ಕೇಳಬಹುದು. ಅವರ ‘ಹ’ ಬಹಳ ಹಿಂದೆ ‘ಪ’ ಆಗಿತ್ತು. ನಮ್ಮಲ್ಲೂ ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ‘ಪ’ ಇಂದ ‘ಬ’ಗೆ ಬಂದದ್ದು ಅಂತ ಗೊತ್ತಾದರೆ ‘ಬಿ’ ವಿಚಿತ್ರ ಅನ್ನಿಸುವುದಿಲ್ಲ. ಎಲ್ಲ ಜೋಡಿಪದದಲ್ಲೂ ಹೀಗಾಗಲ್ಲ, ಆದರೆ ಆದಾಗ ಗುರುತು ಸಿಗುತ್ತೆ.

ಈಗ ಒಂದು ವಾಕ್ಯ: ‘ಕ್ಯೋ ವ ನಿಚಿಯೋಬಿ ದೆಸ್’, ಇವತ್ತು ಭಾನುವಾರ. ಇಷ್ಟು ಚಿಕ್ಕ ವಾಕ್ಯದಲ್ಲಿ ನಮ್ಮ ಅಕ್ಷರ ಮೂರು ಸಲ ಬರುತ್ತದೆ, ಮೂರು ಸಲವೂ ಬೇರೆ ಸದ್ದು. ನಿಚಿ ಒಂದು, ಬಿ ಇನ್ನೊಂದು. ‘ಕ್ಯೋ’ ಬರೆಯುವಾಗ ‘ಈಗ’ ಅನ್ನುವ ಕಾಂಜಿ ಹಾಕಿ ಪಕ್ಕದಲ್ಲಿ ನಮ್ಮ ಕಿಟಕಿ ಹಾಕುತ್ತಾರೆ, ಆದರೆ ಸದ್ದನ್ನು ಬಿಡಿಸಿ ಹಂಚಲು ಆಗುವುದಿಲ್ಲ, ಇಡೀ ಪದಕ್ಕೆ ಒಂದೇ ಓದು. ಈ ಒಂದು ವಾಕ್ಯ ಮೂವತ್ತು ಸಲ ಬರೆಯಿರಿ, ಬಾಯಿಬಿಟ್ಟು ಹೇಳುತ್ತಾ ಬರೆಯಿರಿ.

ವಾರದ ಹೆಸರು ನಮಗೆ ಸಲೀಸು. ಏಳೂ ದಿನ ‘ಯೋಬಿ’ ಅಂತ ಮುಗಿಯುತ್ತವೆ, ಆ ‘ಬಿ’ ನಮ್ಮ ಕಿಟಕಿಯೇ. ಭಾನುವಾರಕ್ಕೆ ಸೂರ್ಯ, ಸೋಮವಾರ ಗೆತ್ಸುಯೋಬಿಗೆ ಚಂದ್ರ. ಉಳಿದ ಗ್ರಹಗಳನ್ನು ಅವರು ಬೆಂಕಿ, ನೀರು, ಮರ, ಚಿನ್ನ, ಮಣ್ಣು ಅಂತ ಕರೆಯುತ್ತಾರೆ. ಮಂಗಳವಾರ ಕಯೋಬಿ, ಬುಧವಾರ ಸುಯಿಯೋಬಿ, ಗುರುವಾರ ಮೊಕುಯೋಬಿ, ಶುಕ್ರವಾರ ಕಿನ್‌ಯೋಬಿ, ಶನಿವಾರ ದೊಯೋಬಿ. ಗ್ರಹದಿಂದ ಗ್ರಹಕ್ಕೆ ನೇರ ಹೊಂದಿಕೆ. ಇದು ಸುಮ್ನೆ ಕಾಕತಾಳೀಯವಲ್ಲ. ಭಾರತದ ಜ್ಯೋತಿಷ್ಯದ ವಿಷಯ ಅಮೋಘವಜ್ರ ಎಂಬ ಬೌದ್ಧ ಭಿಕ್ಷುವಿನ ಮೂಲಕ ಚೀನೀ ಭಾಷೆಗೆ ಹೋಯಿತು, ಅಲ್ಲಿಂದ ಕೂಕಾಯ್ ಎಂಬ ಜಪಾನಿ ಭಿಕ್ಷು 806ರಲ್ಲಿ ಆ ಗ್ರಂಥವನ್ನು ತನ್ನ ದೇಶಕ್ಕೆ ಒಯ್ದ. ದಿನಬಳಕೆಗೆ ಏಳು ದಿನದ ವಾರ ಗಟ್ಟಿಯಾಗಿ ಬಂದದ್ದು ಮಾತ್ರ ಜಪಾನ್ 1873ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾದ ಮೇಲೆ.

ತಾರೀಖು ಸ್ವಲ್ಪ ಕಷ್ಟ, ಸುಳ್ಳು ಹೇಳಲ್ಲ. ಒಂದನೇ ತಾರೀಖು ತ್ಸುಯಿತಚಿ. ಎರಡರಿಂದ ಹತ್ತರವರೆಗೆ ‘ಕ’ ಬರುತ್ತದೆ: ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಯಿಕ, ನನೊಕ, ಯೋಕ, ಕೊಕೊನೊಕ, ತೋಕ. ಹನ್ನೊಂದರಿಂದ ಬಹುಪಾಲು ‘ನಿಚಿ’. 14, 24ರಲ್ಲಿ ಯೊಕ್ಕ ಮತ್ತೆ ಬರುತ್ತದೆ, 20ಕ್ಕೆ ಹತ್ಸುಕ. ಇಲ್ಲಿ ಎಲ್ಲರೂ ಎಡವುವುದು ನಾಲ್ಕು ಮತ್ತು ಎಂಟರಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಬರೆದರೆ ಯೊಕ್ಕ, ಯೋಕ. ಹ್ರಸ್ವ ದೀರ್ಘ ಬೇರೆ, ಒತ್ತಕ್ಷರ ಬೇರೆ, ಗೊಂದಲವೇ ಇಲ್ಲ. ಹಾಗಾಗಿ ಉಚ್ಚಾರಣೆಯ ಟಿಪ್ಪಣಿ ಕನ್ನಡದಲ್ಲೇ ಮಾಡಿಕೊಳ್ಳಿ. ಇಂಗ್ಲಿಷ್ ಅಕ್ಷರದ ಪಟ್ಟಿ ಪಕ್ಕಕ್ಕಿಡಿ.

ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಕ್ಯಾಲೆಂಡರ್ ಇರುತ್ತಲ್ಲ, ನನ್ನ ಅಭ್ಯಾಸ ನಡೆದದ್ದು ಅದರಲ್ಲೇ. ಬೆಳಗ್ಗೆ ಹಾಲಿನ ಪ್ಯಾಕೆಟ್ ತಂದಿಟ್ಟು, ಅವತ್ತಿನ ಖಾನೆಯಲ್ಲಿ ಪೆನ್ಸಿಲಿನಿಂದ ಪುಟ್ಟ ಕಿಟಕಿ ಬರೆದು, ತಾರೀಖು, ವಾರ ಎರಡನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಮೊದಮೊದಲು ‘ಯಾರ ಜೊತೆ ಮಾತಾಡ್ತಿದ್ದೀಯ’ ಅಂತಿದ್ದ ಅಮ್ಮ, ತಿಂಗಳು ಮುಗಿಯುವಷ್ಟರಲ್ಲಿ ‘ಇವತ್ತು ಕಿನ್‌ಯೋಬಿ, ದೇವಸ್ಥಾನಕ್ಕೆ ಹೋಗಬೇಕು’ ಅನ್ನತೊಡಗಿದರು.

ಏಳನೇ ದಿನ ಫೋನಿನಲ್ಲಿ ಜಪಾನಿ ಕೀಬೋರ್ಡ್ ಸೇರಿಸಿಕೊಂಡು ಮೈನಿಚಿ, ಕ್ಯೋ, ತಂಜೋಬಿ, ನಿಹೊನ್ ಇಷ್ಟನ್ನು ಟೈಪ್ ಮಾಡಿ ನೋಡಿ. ಕಾಂಜಿ ತಾನಾಗೇ ಬರುತ್ತದೆ, ಪ್ರತಿಯೊಂದರಲ್ಲೂ ಕಿಟಕಿ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ. ನಾಲ್ಕರಲ್ಲೂ ತಡವರಿಸದೆ ಸಿಕ್ಕರೆ ಮುಂದಿನ ವಾರ ಚಂದ್ರನ ಅಕ್ಷರಕ್ಕೆ ಹೋಗಿ. ಅದೂ ನಾಲ್ಕೇ ಗೆರೆ, ಒಳಗೆ ಎರಡು ಪಟ್ಟಿ, ಕೆಳಗೆ ಬಾಗಿಲು ಮಾತ್ರ ಇಲ್ಲ.